ನೂರ ಮೂವತ್ತೈದು ಮಿಲಿಮೀಟರ್

ತ್ಬಿಲಿಸಿಯ ಒಣಸೇತುವೆಯ ಸಂತೆಯಲ್ಲಿ
ಪದಕ, ಪಿಂಗಾಣಿ, ಯಾರದೋ ಅಜ್ಜನ ಹಲ್ಲುಸೆಟ್ಟಿನ ನಡುವೆ
ಬಿದ್ದಿತ್ತು ಇದು.
"ಎಳೆದು ತರುತ್ತೆ," ಅಂದ ಮಾರುವವ, ಗಾಳದವನ ಹಾಗೆ,
"ನೀವು ಹಿಂದೆ ಸರೀತಾ ಹೋಗಬೇಕು, ಅಷ್ಟೆ."
ಚೌಕಾಸಿ ಮಾಡಿ ಅರ್ಧಕ್ಕಿಳಿಸಿದೆ. ಚರ್ಮದ ಡಬ್ಬಿ ಪುಕ್ಕಟೆ,
ಅದರೊಳಗಿನ ಹಳೇ ತಂಬಾಕಿನ ವಾಸನೆಯೂ.

ನನ್ನದು ಇಲ್ಲಿಯತನಕ ಅಗಲದ ಕಣ್ಣು.
ಇಪ್ಪತ್ನಾಲ್ಕರ ಲೆನ್ಸು: ಕಣಿವೆ, ಮೋಡ, ಹೊಳೆ, ನನ್ನದೇ ಬೂಟಿನ ತುದಿ,
ಎಲ್ಲಕ್ಕೂ ಜಾಗ, ಮದುವೆಮನೆಯ ಜಮಖಾನದ ಹಾಗೆ.
ಮನೆಗೆ ಬಂದು ನೋಡಿದರೆ
ತೆತ್ನುಲ್ಡಿ ಶಿಖರ ಮೂಲೆಯಲ್ಲೊಂದು ಚಿಟಿಕೆ ಉಪ್ಪು.
ಹನ್ನೊಂದು ವರ್ಷ ಹೀಗೆ ಚಿಟಿಕೆ ಚಿಟಿಕೆ ಕೂಡಿಸಿದೆ.
ಲಮಾರಾ ಅಂದಳು: "ನಿನ್ನ ಬೆಟ್ಟಗಳೆಲ್ಲ ನಾಚಿಕೊಂಡು ನಿಂತಿವೆ."
ಅದಕ್ಕೇ ಈ ಸಲ ಅಗಲವನ್ನು ಮನೆಯಲ್ಲೇ ಬಿಟ್ಟೆ.
ಬಿಟ್ಟದ್ದಕ್ಕೆ ಮೊದಲ ದಿನವೇ ಹಳಹಳಿಸಿದೆ.

ಆದಿಶಿ ಹಳ್ಳಿ ದಾಟಿ ಹೊಳೆಯ ದಂಡೆ.
ಹಿಮನದಿ ಎದುರಿಗೇ ನಾಲಗೆ ಚಾಚಿ ಮಲಗಿದೆ.
ಕ್ಯಾಮೆರಾ ಎತ್ತಿದರೆ ಬರೀ ಬಿಳಿ. ಒಂದು ಬಿರುಕು.
ಹತ್ತು ಹೆಜ್ಜೆ ಹಿಂದೆ. ಬಿಳಿ.
ಮೂವತ್ತು ಹೆಜ್ಜೆ. ಬಿಳಿ, ಅಂಚಿಗೊಂದಿಷ್ಟು ಕಲ್ಲು.
ದೊರೆಯ ಎದುರಿಂದ ಬೆನ್ನು ತೋರದೆ ಸರಿಯುವವರ ಹಾಗೆ
ಹಿಂದಹಿಂದಕ್ಕೆ ನಡೆದು ಬರ್ಚ್ ಮರಕ್ಕೆ ಬೆನ್ನು ತಾಗಿತು.
ಕುದುರೆಯ ಮೇಲೆ ಜನರನ್ನು ಹೊಳೆ ದಾಟಿಸುವ ಬೆಕ್ನು ಕೂಗಿದ:
"ಇನ್ನೂ ಹಿಂದೆ ಹೋದರೆ ಮೆಸ್ತಿಯಾನೇ ಸಿಗುತ್ತೆ!"

ಫೋಕಸಿನ ಬಳೆ ಬಿಗಿ. ತಿರುಗುವುದೂ ಉಲ್ಟಾ.
ಅರ್ಧ ಶತಮಾನದ ಜಿಡ್ಡು ಚಳಿಗೆ ಹೆಪ್ಪುಗಟ್ಟಿ
ಕೈಯ ಅಭ್ಯಾಸ ಒಂದು ಕಡೆ, ಬಳೆಯ ಹಟ ಇನ್ನೊಂದು ಕಡೆ.
ಕೊನೆಗೆ ಅಡ್ಡ ಮಲಗಿದ ಎಂಟು, ಅನಂತದ ಗುರುತು.
ಅಲ್ಲಿಗೆ ಮುಟ್ಟಿಸಿದರೆ ಬೆಟ್ಟವೆಲ್ಲ ಮಸುಕು.
ಈ ಲೆನ್ಸು ಅನಂತವನ್ನೂ ಒಂದಿಷ್ಟು ದಾಟಿಹೋಗುತ್ತದೆ.
ಒಂದು ಕೂದಲೆಳೆ ಹಿಂದಕ್ಕೆ. ಇನ್ನೊಂದೆಳೆ.
ಆಗ
ಎದುರು ಇಳಿಜಾರಿನ ಹುಲ್ಲಿಗೆ ಗೆರೆ ಮೂಡಿದವು.

ದೂರದ ಬೆಟ್ಟ ನುಣ್ಣಗೆ ಅಂದವರ ಹತ್ತಿರ
ಈ ಗಾಜು ಇರಲಿಲ್ಲ.
ಬರಿಗಣ್ಣಿಗೆ ಕೆಂಪು ಚುಕ್ಕಿ, ಹೂವೆಂದು ಬಿಟ್ಟಿದ್ದೆ.
ಹೆಂಗಸು. ಕೆಂಪು ಸ್ವೆಟರು.
ತನ್ನಷ್ಟೇ ಉದ್ದದ ಹಿಡಿಯ ಕುಡುಗೋಲು.
ಬೀಸು, ಹೆಜ್ಜೆ. ಬೀಸು, ಹೆಜ್ಜೆ.
ಹುಲ್ಲು ಬೀಳುವ ಸದ್ದು ಈಚೆಗೆ ಬರುವುದಿಲ್ಲ.
ನಿಂತಳು. ಬಗ್ಗಿ ಮಂಡಿ ಒತ್ತಿಕೊಂಡಳು.
ಏನೋ ಬೈದಿರಬೇಕು, ಕಾಲಿಗೋ ಬೆಟ್ಟಕ್ಕೋ.
ಇನ್ನೊಬ್ಬರ ಕಾಗದ ಒಡೆದು ಓದಿದಂತಾಗಿ
ಕಣ್ಣು ತೆಗೆದೆ. ಮತ್ತೆ ಇಟ್ಟೆ.

"ಕೊಡಿ ನೋಡೋಣ" ಅಂದ ಬೆಕ್ನು.
ಕುದುರೆಯ ಹಗ್ಗ ನನ್ನ ಕೈಗೆ, ಕ್ಯಾಮೆರಾ ಅವನ ಕೈಗೆ.
ಸುಮ್ಮನೆ ನೋಡಿದ. ಬಹಳ ಹೊತ್ತು ನೋಡಿದ.
ಸರದಿಗೆ ಕಾದಿದ್ದ ಇಬ್ಬರು ಪೋಲಿಷ್ ಹುಡುಗರು ಕೆಮ್ಮಿದರು.
"ಅದು ನನ್ನ ಕುಡುಗೋಲು," ಅಂದ ಕೊನೆಗೆ.
"ಆ ಮಂಡಿ ಇಟ್ಟುಕೊಂಡು ಹತ್ತಬೇಡ ಅಂದಿದ್ದೆ.
ದಿನಾ ಸಂಜೆ ಕೇಳಿದರೆ, ಮನೆಯಲ್ಲೇ ಕೂತಿದ್ದೆ ಅಂತಾಳೆ."
"ಅಮ್ಮನಾ?"
"ಹೆಂಡತಿ."
ಹಗ್ಗ ವಾಪಸು ತಗೊಂಡ. "ನಾನು ನೋಡಿದ್ದು ಹೇಳಬೇಡಿ."
ಯಾರಿಗೆ ಹೇಳಲಿ?
ಅವಳ ಮಂಡಿನೋವು ಗೊತ್ತು, ಹೆಸರು ಗೊತ್ತಿಲ್ಲ.
ಆದರೂ ಆಗಲಿ ಅಂದೆ.

ನಡುಹೊಳೆಯಲ್ಲಿ ನೀರು ಕುದುರೆಯ ಹೊಟ್ಟೆಗೆ ಬಡಿಯಿತು.
ಚರ್ಮದ ಡಬ್ಬಿ ತಲೆಯ ಮೇಲೆ ಹಿಡಿದು ಕೂತಿದ್ದೆ.
ಬೆಕ್ನು ಒಮ್ಮೆಯೂ ಆ ಇಳಿಜಾರಿನ ಕಡೆ ತಿರುಗಲಿಲ್ಲ.
ನಾನೂ.

ಆ ದಿನದ ಚಿತ್ರಗಳಲ್ಲಿ
ಪೂರ್ತಿ ಬೆಟ್ಟ ಒಂದರಲ್ಲೂ ಇಲ್ಲ.
ಬಿರುಕು ಇದೆ. ಕುದುರೆಯ ಕಿವಿ ಇದೆ, ಹಿಂದೆ ಕರಗಿದ ಬಿಳಿ.
ಬೆಕ್ನು ಒತ್ತಿದ್ದೋ, ಬೆರಳು ತಾಗಿದ್ದೋ, ಇನ್ನೊಂದಿದೆ:
ವಾರೆ, ಅಲ್ಲಾಡಿದ್ದು, ಅನಂತದಾಚೆ ಎಲ್ಲೋ ಫೋಕಸು,
ಹಸಿರಿನ ಮೇಲೆ ಕೆಂಪು ಕಲೆ.
ಲಮಾರಾ ಎಲ್ಲ ಬಿಟ್ಟು ಅದನ್ನೇ ಎತ್ತಿಕೊಂಡಳು.
ಏನಿದು ಅಂದಳು.

ಗೊತ್ತಿಲ್ಲ ಅಂದೆ.
ಮಾತು ಕೊಟ್ಟಿದ್ದೆ.